ಹರದೇಶಿ ಅಜ್ಜ ಖಾಲಿ ಬಿಟ್ಟ ಅರ್ಧ ಹಾಳೆ

ಓದುವವರಿಗೆಲ್ಲ ಶರಣು. ಬಲಗೈಯ ಒಂದೇ ಬೆರಳಿನಿಂದ ಇದನ್ನು ಟೈಪ್ ಮಾಡುತ್ತಿದ್ದೇನೆ. ಒತ್ತಕ್ಷರ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತೇ ಮರೆತುಹೋಗುತ್ತದೆ. ಎಲ್ಲಾದರೂ ತಪ್ಪು ಕಂಡರೆ, ಜೋಳದಲ್ಲಿ ಹರಳು ಸಿಕ್ಕಾಗ ತೆಗೆದು ಬಾಜೂಕ್ಕೆ ಇಡುತ್ತೇವಲ್ಲ, ಹಾಗೆ ತೆಗೆದಿಟ್ಟು ಮುಂದೆ ಓದಿರಿ. ಸಿಟ್ಟಾಗಬೇಡಿರಿ.

ನಾನು ಮೂಡಲಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ನಲವತ್ತು ದಾಟಿದ ಮೇಲೆ ಹತ್ತನೆಯ ಪರೀಕ್ಷೆಗೆ ಕುಳಿತೆ. ಪರೀಕ್ಷೆಯ ಕೋಣೆಗೆ ಹೋದಾಗ ನನ್ನನ್ನು ಸರ್ ಎಂದು ತಿಳಿದು ಎಲ್ಲರೂ ಎದ್ದು ನಿಂತಿದ್ದರು. ನಾನೂ ಗಾಬರಿಯಲ್ಲಿ "ಕುಂದರ್ರಿ, ಕುಂದರ್ರಿ" ಅಂದುಬಿಟ್ಟಿದ್ದೆ. ಆಮೇಲೆ ಪಿಯುಸಿ ಆಯಿತು. ಈಗ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಬಿ.ಎ. ಮಾಡುತ್ತಿದ್ದೇನೆ, ಕನ್ನಡ ವಿಷಯ. ಗಿರಣಿಗೆ ಜೋಳ ತರುವ ಹೆಂಗಸರು "ಬಿ.ಎ. ಹಿಟ್ಟು" ಎಂದು ನಗುತ್ತಾರೆ. ನಗಲಿ. ಆದರೆ ಈ ಓದಿನ ದೆಸೆಯಿಂದಲೇ ನಾನು ಒಂದು ಪೇಚಿನಲ್ಲಿ ಬಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ನಾಗನೂರಿನಲ್ಲಿ ಇದ್ದ. ಎರಡೆಕರೆ ಹೊಲ, ಒಂದು ಎಮ್ಮೆ, ಒಂದು ದಪ್ಪು ಅವನ ಆಸ್ತಿ. ಈ ಮೂರರಲ್ಲಿ ಅವನಿಗೆ ದಪ್ಪಿನ ಮೇಲೆಯೇ ಜೀವ ಎಂದು ಕಾಕಿ ಬೈಯುತ್ತಿದ್ದಳು. ಅದನ್ನು ಬಡಿದು ಹಾಡುವ ಗೀಗೀ ಪದಗಳನ್ನು ಕಟ್ಟುವುದರಲ್ಲಿ ಅವನ ಹೆಸರು ಗೋಕಾಕ, ಮೇಲವಂಕಿ ಎಲ್ಲ ಕಡೆ ನಡೆಯುತ್ತಿತ್ತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಗೀಗೀ ಪದದಲ್ಲಿ ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಒಂದು ಮೇಳ ಪದದಲ್ಲೇ ಸವಾಲು ಹಾಕಿ ಕೂತಿತೆಂದರೆ, ಇನ್ನೊಂದು ಮೇಳ ಎದ್ದು ನಿಂತು ಪದದಲ್ಲೇ ಜವಾಬು ಕೊಡಬೇಕು. ಕೊಡದಿದ್ದರೆ ಸೋತ ಹಾಗೆ.

ಕಾಕಾ ನಾಗೇಶಿ. ಅವನಿಗೆ ಎದುರಾಗಿ ಹಾಡುತ್ತಿದ್ದವನು ಹುಕ್ಕೇರಿ ದಾಟಿ ನಿಡಸೋಸಿ ಕಡೆಯ ಒಂದು ಊರಿನ ಕವಿ. ನಾವೆಲ್ಲ ಅವನಿಗೆ ಹರದೇಶಿ ಅಜ್ಜ ಎನ್ನುತ್ತೇವೆ. ಗಂಡೆಂದರೆ ಬೀಜ, ಹೆಣ್ಣೆಂದರೆ ಮಣ್ಣು ಎಂದು ಹಿಡಿದುಕೊಂಡು ಇಬ್ಬರೂ ನಲವತ್ತು ವರ್ಷ ಜಗಳಾಡಿದರು. ಅಜ್ಜ ಎದ್ದು "ಬೀಜ ಇಲ್ಲದ ಮಣ್ಣ ಬರೇ ಧೂಳಾ" ಎಂದು ಹಾಡಿದರೆ, ಕಾಕಾ ಎದ್ದು "ಮಣ್ಣ ಇಲ್ಲದ ಬೀಜ ಇಲಿಗಿ ಊಟಾ" ಎಂದು ತಿರುಗಿಸಿ ಕೊಡುತ್ತಿದ್ದ. ಜನ ಸಿಳ್ಳೆ ಹೊಡೆಯುತ್ತಿದ್ದರು. ಹಾಡು ಮುಗಿದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ಅಲ್ಲಿಯೂ ಯಾರ ಹೋಳಿಗೆಗೆ ತುಪ್ಪ ಹೆಚ್ಚು ಬಿತ್ತು ಎಂದು ತಕರಾರು. ಅಜ್ಜ ಈ ಕಡೆ ಬಂದರೆ ಕಾಕಾನ ಮನೆಯಲ್ಲೇ ವಸ್ತಿ. ಆದರೆ ನಲವತ್ತು ವರ್ಷದಲ್ಲಿ ಒಬ್ಬನಾದರೂ ಇನ್ನೊಬ್ಬನಿಗೆ "ನೀ ಛಲೋ ಹಾಡಿದಿ" ಎಂದದ್ದನ್ನು ಯಾರೂ ಕೇಳಿಲ್ಲ.

ಹೋದ ವರ್ಷ ಸೋಯಾಬೀನ್ ರಾಶಿಯ ದಿನಗಳಲ್ಲಿ ಕಾಕಾ ತೀರಿಕೊಂಡ. ಮುಂಜಾನೆ ಚಹಾ ಕುಡಿದು, ಎಮ್ಮೆಗೆ ಮೇವು ಹಾಕಿ, ಕಟ್ಟೆಯ ಮೇಲೆ ಕೂತವನು ಕೂತಲ್ಲೇ ಹೋದ. ನಮ್ಮಲ್ಲಿ ಹೂಳುವುದು ಪದ್ಧತಿ. ಒಂದು ಹಿಡಿ ಮಣ್ಣು ಹಾಕಲು ಬರುವುದಕ್ಕೆ 'ಮಣ್ಣಿಗೆ ಬರುವುದು' ಎನ್ನುತ್ತೇವೆ. ಎಲ್ಲೆಲ್ಲಿಂದಲೋ ಜನ ಮಣ್ಣಿಗೆ ಬಂದರು. ಹರದೇಶಿ ಅಜ್ಜ ಬರಲಿಲ್ಲ. ಹೇಳಿ ಕಳಿಸಿದ್ದೆವು, ಆದರೂ ಬರಲಿಲ್ಲ. ಕಾಕಿ ಬಾಗಿಲ ಕಡೆ ನಾಲ್ಕು ಸಲ ನೋಡಿದ್ದನ್ನು ನಾನೇ ಕಂಡಿದ್ದೇನೆ.

ಹದಿನೈದು ದಿನ ಕಳೆದಿರಬೇಕು. ಮೂಡಲಗಿಯ ದನದ ಸಂತೆಗೆ ಹುಕ್ಕೇರಿ ಕಡೆಯಿಂದ ಎತ್ತು ಕೊಳ್ಳಲು ಬಂದ ಒಬ್ಬ ಮನುಷ್ಯ ನನ್ನ ಗಿರಣಿಗೆ ಬಂದು, ನಾಲ್ಕು ಮಡಿಕೆಯ ಒಂದು ಹಾಳೆ ಕೊಟ್ಟ. "ಹರದೇಶಿ ಅಜ್ಜ ಕೊಟ್ಟಾನ್ರಿ. ನಿಮ್ಮ ಕಾಕಿಗಿ ಮುಟ್ಟಸ್ರಿ" ಎಂದ. ಯಾಕೆ ಬರಲಿಲ್ಲ ಎಂದು ಕೇಳುವಷ್ಟರಲ್ಲಿ ಅವನು ಕಟ್ಟಿದ್ದ ಎತ್ತು ಹಗ್ಗ ಬಿಚ್ಚಿಕೊಂಡು ಓಡಿತು. ಅವನೂ ಅದರ ಹಿಂದೆ ಓಡಿದ. ಮತ್ತೆ ಸಿಗಲಿಲ್ಲ.

ಹಾಳೆಯಲ್ಲಿ ಒಂದು ಪದ ಇತ್ತು. ನಾನು ಆ ಸಂಜೆಯೇ ನಾಗನೂರಿಗೆ ಹೋಗಿ ಕಾಕಿಯ ಕೈಗೆ ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ. ಹಾಳೆಯನ್ನು ತಿರುಗಿಸಿ ನೋಡಿ ನನಗೇ ವಾಪಸು ಕೊಟ್ಟಳು.

"ನೀ ದೊಡ್ಡ ಸಾಲಿ ಕಲ್ಯಾಕತ್ತಿ. ಪೂರಾ ಓದಿ ತಿಳಕೊಂಡ ಬಂದ ನನಗ ಹೇಳು. ನನ್ನ ಗಂಡ ಹೋದದ್ದಕ್ಕ ಅಂವಾ ಅತ್ತಾನೋ, ಹಲ್ಲ ಕಿಸದಾನೋ? ಅತ್ತಿದ್ರ ವರ್ಷದ ದಿನ ಕರದು ಮುಂದಿನ ಸಾಲಿನ್ಯಾಗ ಕುಂದರಸ್ತೀನಿ. ಕಿಸದಿದ್ರ ಈ ಹಾಳಿ ನೀರೊಲಿಗಿ ಹಾಕ್ತೀನಿ, ಅಂವಾ ಮತ್ತ ನನ್ನ ಹೊಸ್ತಲಾ ತುಳೀಬಾರದು."

ಅವಳಿಗೆ ಇದು ಸಣ್ಣ ಮಾತಾಗಿರಲಿಲ್ಲ. ನಲವತ್ತು ವರ್ಷ ತನ್ನ ಮನೆಯಲ್ಲಿ ಉಂಡವನು ಗಂಡನಿಗೆ ಏನಾಗಿದ್ದ ಎಂಬುದು ಗೊತ್ತಾಗದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಕಾಕಾನ ಮೇಳದವರು ವರ್ಷದ ದಿನಕ್ಕೆ ಅವನ ಪದಗಳ ಒಂದು ಸಣ್ಣ ಪುಸ್ತಕ ಮಾಡಿಸಬೇಕೆಂದು ಆಗಲೇ ನಿಶ್ಚಯ ಮಾಡಿದ್ದರು. ಹರದೇಶಿ ಅಜ್ಜನ ಪದ ಅದರ ಕೊನೆಗೆ ಸೇರಬೇಕೋ ಬೇಡವೋ ಎಂಬುದೂ ಈಗ ನನ್ನ ತಲೆಯ ಮೇಲೆ ಬಂತು.

ಗಿರಣಿಯಲ್ಲಿ ಕೂತು ಓದಿದೆ. ಮೊದಲ ನುಡಿಯೇ ಹೀಗಿತ್ತು:

ಸಭಾ ಬಿಟ್ಟ ಓಡಿದೆಲ್ಲೊ ನಾಗೇಶಿ, ಎದಿ ಉಬ್ಬಿಸಿ ನಿಂತಾವಾ
ದಪ್ಪ ಬಡದ ಕರದೇನಿ ಬಾ ಅಂತ, ಎಲ್ಲಿ ಹೋಗಿ ಕುಂತಾವಾ

ಎರಡನೆಯದು ಇನ್ನೂ ಖಾರ:

ಬಡಬಡ ಮಾತಿನ ಮಲ್ಲಗ ಇವತ್ತ ಬಾಯಾಗ ಮಾತಿಲ್ಲ
ಸೋತೇನಂತರೆ ಹೇಳಿ ಹೋಗಬಾರದ, ಅದಕೂ ತಾಕತ್ತಿಲ್ಲ

ಸತ್ತವನಿಗೆ ಹೀಗೂ ಬೈಯುತ್ತಾರೆಯೇ? ನಡುವೆ ಇಂಥವೇ ಐದಾರು ನುಡಿ ಇದ್ದವು. ಕೊನೆಯದು ಹೀಗಿತ್ತು:

ಮಣ್ಣ ಹೆಚ್ಚ ಮಣ್ಣ ಹೆಚ್ಚ ಅಂದಿ, ಮಣ್ಣಿನಾಗ ಮಲಗೀದಿ
ಒಳಗ ಹೋಗಿ ನೋಡಿದಾವಾ ನೀನ, ಖರೆ ಹೇಳ ಏನ ಕಂಡೀದಿ
ಡಬ್ಬ್ಯಾಗ ಉಳದ ಬೀಜ ನಾನೊಬ್ಬ, ಮ್ಯಾಲ ಕುಂತ ಒಣಗೀನಿ
ಯಾರ ಹೆಚ್ಚಂತ ಹೇಳ ನಾಗೇಶಿ, ಕಿವಿಗೊಟ್ಟ ಕುಂತೀನಿ

ಅಲ್ಲಿಗೆ ನಿಂತಿತ್ತು. ಕೆಳಗೆ ಅರ್ಧ ಹಾಳೆ ಖಾಲಿ. ಗೀಗೀ ಪದದ ಕೊನೆಗೆ ಕವಿ ತನ್ನ ಊರಿನ ಹೆಸರು, ಗುರುವಿನ ಹೆಸರು ಹಾಕಿ ಮುಗಿಸುತ್ತಾನೆ. ಅದೂ ಇಲ್ಲ. ಅಕ್ಷರ ಕೂಡ ಅಜ್ಜನದಲ್ಲ, ಯಾವುದೋ ದುಂಡಗಿನ ಚಂದದ ಅಕ್ಷರ.

ನಾನು ನನ್ನ ಬಿ.ಎ. ನೋಟ್ಸ್ ತೆಗೆದೆ. ಶೋಕಗೀತೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ. ಗೋಕಾಕದಲ್ಲಿ ರವಿವಾರ ನಮಗೆ ಪಾಠ ಹೇಳುವ ಕನ್ನಡ ಸರ್ ನನಗಿಂತ ಇಪ್ಪತ್ತು ವರ್ಷ ಸಣ್ಣವರು, ನನಗೆ ಕಾಕಾ ಎನ್ನುತ್ತಾರೆ. "ಕಾಕಾ, ಶೋಕಗೀತೆಗೆ ಮೂರು ಲಕ್ಷಣ ಬರೀರಿ. ಸತ್ತವರ ಗುಣಗಾನ, ದುಃಖ, ಕಡೀಕ ಸಮಾಧಾನ. ಮೂರೂ ಬರದ್ರ ಪೂರಾ ಮಾರ್ಕ್ಸ್" ಎಂದು ಹೇಳಿಕೊಟ್ಟಿದ್ದರು. ಈ ಪದವನ್ನು ಆ ಮೂರಕ್ಕೂ ಹಚ್ಚಿ ನೋಡಿದೆ. ಗುಣಗಾನ ಇಲ್ಲ, ಬೈಗುಳ ಇದೆ. ದುಃಖ ಇಲ್ಲ, ಸವಾಲು ಇದೆ. ಸಮಾಧಾನದ ಜಾಗದಲ್ಲಿ ಬಿಳಿ ಹಾಳೆ ಇದೆ.

ಮುಂದಿನ ರವಿವಾರ ಸರ್‌ಗೆ ತೋರಿಸಿದೆ. ಅವರು ಓದಿ, ತಲೆ ಕೆರೆದು, "ಒಂದು ಹಾಳಿ ಎಲ್ಲೋ ಬಿದ್ದೈತಿ ಅನಸ್ತೈತಿ ಕಾಕಾ. ಇಷ್ಟಕ್ಕ ಮುಗದದ್ದಿಲ್ಲ ಇದು" ಎಂದರು.

ಆ ಮಾತು ನನಗೆ ಬಹಳ ಹಿಡಿಸಿತು. ಹಾಳೆ ಬಿದ್ದಿರಬೇಕು. ಆ ಎತ್ತಿನ ಮನುಷ್ಯ ಓಡುವಾಗ ಬೀಳಿಸಿರಬೇಕು. ಬಿದ್ದ ಹಾಳೆಯಲ್ಲಿ ಅಜ್ಜ ಅತ್ತೇ ಇರಬೇಕು. ಅತ್ತಿರಲೇಬೇಕು, ಇಲ್ಲದಿದ್ದರೆ ಕಾಕಿಯ ಮುಂದೆ ಏನು ಹೇಳಲಿ? ಸಂತೆಯ ಬಯಲಿನಲ್ಲಿ ಅಡ್ಡಾಡಿ ಹುಡುಕಿದೆ. ಸಗಣಿ ಬಿಟ್ಟು ಬೇರೇನೂ ಸಿಗಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಈಗ ನೆನೆದರೆ ನಗೆ ಬರುತ್ತದೆ, ಆಗ ಮಾತ್ರ ಪುಣ್ಯದ ಕೆಲಸ ಎಂದುಕೊಂಡಿದ್ದೆ. ಬಿದ್ದುಹೋದ ನುಡಿಯನ್ನು ನಾನೇ ಕಟ್ಟಿದೆ! ಗೀಗೀ ಪದದ ಮನೆತನದಲ್ಲಿ ಹುಟ್ಟಿದವನಿಗೆ ಪದ ಅರ್ಧಕ್ಕೆ ನಿಂತದ್ದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ. ಸವಾಲು ಹಾಕಿ ಜವಾಬು ಬಾರದೆ ನಿಂತ ಪದ ಎಂದರೆ ನಮಗೆ ಬಾಗಿಲಿಲ್ಲದ ಮನೆಯ ಹಾಗೆ. ಎರಡು ದಿನ ಒದ್ದಾಡಿ, ಮೂರು ಲಕ್ಷಣಗಳನ್ನೂ ಒಂದೇ ನುಡಿಯಲ್ಲಿ ತುಂಬಿದೆ:

ಹೋದೆಯೇನೊ ಗೆಳೆಯಾ ನಮ್ಮನು ಅಗಲಿ, ನಾಡು ಬಡವಾಯ್ತು
ನಿನ್ನ ಹಾಡಿನ ದೀಪ ಆರದೆ ಉರಿದು ಲೋಕಕೆ ಬೆಳಕಾಯ್ತು

ಅದನ್ನು ಗೋಕಾಕದ ಪ್ರೆಸ್ಸಿಗೆ ಒಯ್ದು, ಅಜ್ಜನ ಪದದ ಕೆಳಗೆ ಸೇರಿಸಿ ಟೈಪ್ ಮಾಡಿಸಿದೆ. ಚಂದ ಕಾಣುತ್ತಿತ್ತು. ಮಧ್ಯದ ಬೈಗುಳದ ನುಡಿಗಳನ್ನು ಬೇಗ ಬೇಗ ಓದಿ, ಕೊನೆಯದನ್ನು ಮಾತ್ರ ಎಳೆದು ಎಳೆದು ಕಾಕಿಗೆ ಓದಿ ಹೇಳಿದೆ. "ಗೆಳೆಯಾ" ಎಂದಾಗ ಅವಳು ಸೆರಗು ಬಾಯಿಗೆ ಹಚ್ಚಿಕೊಂಡಳು. "ನಾಡು ಬಡವಾಯ್ತು" ಎಂದಾಗ ಅತ್ತೇಬಿಟ್ಟಳು.

"ನಾ ಸುಳ್ಳೇ ಬೈಕೊಂಡ್ನೆಪ್ಪಾ ಅಂವಗ. ಹೋಗು, ನೀನ ಖುದ್ದ ಹೋಗಿ ಕರದ ಬಾ. ವರ್ಷದ ದಿನ ಬರ್ರಿ ಅಂತ ಕಾಕಿ ಹೇಳ್ಯಾಳ ಅನ್ನು."

ಮರುದಿನ ಗೋಕಾಕ ಬಸ್ಸು ಹಿಡಿದೆ, ಅಲ್ಲಿಂದ ಹುಕ್ಕೇರಿ, ಅಲ್ಲಿಂದ ಟಂಟಂ. ದಾರಿಯುದ್ದಕ್ಕೂ ನನ್ನ ನುಡಿಯನ್ನು ನಾನೇ ಗುಣುಗುಣಿಸುತ್ತಿದ್ದೆ. ನಾನೂ ಒಬ್ಬ ಕವಿ ಎನ್ನಿಸಿತ್ತು, ಖರೆ ಹೇಳುತ್ತೇನೆ.

ಹರದೇಶಿ ಅಜ್ಜ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಶೇಂಗಾ ಸುಲಿಯುತ್ತಿದ್ದ. ಗುರುತು ಹಿಡಿದವನೇ, "ಬಾರೋ ತಮ್ಮಾ, ನಾಗೇಶಿ ಮನ್ಯಾವ ನನ್ನ ಹೊಸ್ತಲಾ ತುಳದ್ಯಂದ್ರ ಇವತ್ತ ನಾ ಗೆದ್ದಂಗ ಆತು" ಎಂದು ನಕ್ಕ. ಸೊಸೆ ನೀರು ಕೊಟ್ಟು ಚಹಾಕ್ಕೆ ಇಟ್ಟಳು. ನಾನು ಕರೆಯಲು ಬಂದದ್ದನ್ನು ಹೇಳಿ, ಟೈಪ್ ಮಾಡಿದ ಹಾಳೆಯನ್ನು ದೊಡ್ಡ ಕೆಲಸ ಮಾಡಿದವನಂತೆ ಮುಂದೆ ಹಿಡಿದೆ. ಅಜ್ಜ ಅದನ್ನು ಸೊಸೆಯ ಕೈಗೆ ಕೊಟ್ಟು ಓದಲು ಹೇಳಿದ. ಅವಳು ಸಾಲಿ ಕಲಿತವಳು, ಸ್ಪಷ್ಟವಾಗಿ ಓದಿದಳು. ಪ್ರತಿ ನುಡಿಗೂ ಅಜ್ಜ ತೊಡೆಯ ಮೇಲೆ ತಾಳ ಹಾಕುತ್ತಿದ್ದ. "ಕಿವಿಗೊಟ್ಟ ಕುಂತೀನಿ" ಎಂಬಲ್ಲಿ ತಾಳ ನಿಲ್ಲಿಸಿ ಕೈ ಮಡಚಿ ಕೂತ. ಸೊಸೆ ಮುಂದೆ ಓದಿದಳು: "ಹೋದೆಯೇನೊ ಗೆಳೆಯಾ..."

"ತಡೀ, ತಡೀ. ಅದೇನದು?"

"ಇಲ್ಲೇ ಐತ್ರಿ ಮಾಮಾ. ನಾಡು ಬಡವಾಯ್ತು ಅಂತ."

"ಯಾವ ನಾಡ? ಯಾರ ಹೇಳಿದ್ರ?" ಅಜ್ಜ ನನ್ನ ಕಡೆ ತಿರುಗಿದ. "ನಾ ದೀಪಾ ಯಾವಾಗ ಹಚ್ಚಿದ್ನೋ ತಮ್ಮಾ?"

ಸೊಸೆ ಹಾಳೆಯನ್ನು ಹತ್ತಿರ ಹಿಡಿದು ನೋಡಿ, "ಇದು ನಾ ಬರದದ್ದಲ್ರಿ. ಮಾಮಾ ಹೇಳಿದ್ದು, ನಾ ಬರದದ್ದು ಕುಂತೀನಿ ಅನ್ನೂತನಾ ಅಷ್ಟ" ಎಂದಳು. ಆ ದುಂಡಗಿನ ಅಕ್ಷರ ಅವಳದು ಎಂದು ಆಗ ತಿಳಿಯಿತು.

ಒಪ್ಪಿಕೊಳ್ಳದೆ ನನಗೆ ಗತಿ ಇರಲಿಲ್ಲ. "ಅಜ್ಜಾರ, ಒಂದ ಹಾಳಿ ಬಿದ್ದಿರಬೇಕಂತ ತಿಳದು... ಕಡೀ ನುಡಿ... ನಾನ ಸೇರಿಸೀನ್ರಿ."

ಅಜ್ಜ ಶೇಂಗಾ ಸಿಪ್ಪೆ ಹಾರುವ ಹಾಗೆ ನಕ್ಕ. ಸೊಸೆಯೂ ಬಾಗಿಲ ಮರೆಗೆ ಹೋಗಿ ನಕ್ಕಳು. ನಗೆ ನಿಂತ ಮೇಲೆ ಅಜ್ಜನ ಮುಖ ಗಟ್ಟಿಯಾಯಿತು.

"ಅರ್ಧಾ ಹಾಳಿ ಖಾಲಿ ಬಿಡವ್ವಾ ಅಂತ ಈಕೀಗಿ ನಾನ ಹೇಳಿದ್ನಿ. ಅದು ಯಾರ ಜಾಗಾ?"

"ಗೊತ್ತಿಲ್ರಿ."

"ಸವಾಲ ಹಾಕಿ ನಾ ಕುಂತ್ನಿ. ಎದ್ದ ನಿಲ್ಲಾವ ಯಾಂವಾ?"

"ಕಾಕಾ."

"ಹಾಂ. ಅದು ಅಂವನ ಜಾಗಾ. ನೀ ಹೋಗಿ ಅಲ್ಲಿ ದೀಪಾ ಹಚಗೊಂಡ ಕುಂತಿಯಲ್ಲೋ, ನಿನಗ ನಾಚಗಿ ಬರಲಿಲ್ಲಾ?"

ನಾಚಿಕೆ ಈಗ ಬಂತು. ಆದರೂ ಕಾಕಿಯ ಪ್ರಶ್ನೆ ನನ್ನ ಹೆಗಲ ಮೇಲೆ ಇತ್ತಲ್ಲ, ಧೈರ್ಯ ಮಾಡಿ ಕೇಳಿದೆ: "ಮತ್ತ ಮಣ್ಣಿಗ್ಯಾಕ ಬರಲಿಲ್ರಿ? ಕಾಕಿ ಭಾಳ ನೊಂದಾಳ್ರಿ."

ಅಜ್ಜ ಸೊಸೆಯ ಕಡೆ ಕೈ ಮಾಡಿದ. ಅವಳೇ ಹೇಳಿದಳು. ಕಾಕಾ ಹೋಗುವ ಎರಡು ದಿನ ಮೊದಲು ಅಜ್ಜನ ಕಣ್ಣಿನ ಪೊರೆ ತೆಗೆದಿದ್ದರಂತೆ. ಧೂಳಿಗೆ ಹೋಗಬಾರದು, ಬಗ್ಗಬಾರದು, ಅಳಬಾರದು ಎಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದರಂತೆ. ಸುದ್ದಿ ಬಂದಾಗ ಮನೆಯವರು ನಾಲ್ಕು ದಿನ ಅಜ್ಜನಿಗೆ ಹೇಳಲೇ ಇಲ್ಲ. "ಈ ಮಾತ ಹೇಳಂತ ಆ ಎತ್ತಿನಾವಗ ಮೂರ ಸಲ ಹೇಳಿದ್ನಿರಿ. ಹೇಳಲಿಲ್ಲೇನ್ರಿ ಅಂವಾ?" ಎಂದಳು. ಅವನಿಗೆ ಹೇಳಲು ಬಿಡುವೇ ಇರಲಿಲ್ಲ ಎಂದೆ.

"ಗೊತ್ತಾದ ಮ್ಯಾಲ ಎದ್ಯಾಗಿಂದ ಪದಾ ಬರಾಕತ್ತು," ಅಜ್ಜ ಹೇಳಿದ. "ಅಳೂದಂತೂ ಡಾಕ್ಟರ ಬಂದ ಮಾಡ್ಯಾನ. ಹಂಗಾಗಿ ಎಲ್ಲೂ ಅಳೂ ಜಾಗಾನ ಇರಬಾರದು ಅಂತ ಬೈಕೋತ ಬೈಕೋತ ಕಟ್ಟಿದ್ನಿ. ಬೈಯೂದರಾಗ ಕಣ್ಣಿಗಿ ಧೋಕಾ ಇಲ್ಲ ನೋಡು."

"ಕಡೀ ನುಡೀ ಅರ್ಥಾ ಒಂದೀಟ ಹೇಳ್ರಲಾ ಅಜ್ಜಾರ. ಕಾಕಿಗಿ ಹೇಳಬೇಕು."

"ಕಟ್ಟಿದಾವನ್ನ ಅರ್ಥಾ ಕೇಳಬಾರದೋ. ನಿಮ್ಮ ಕಾಕಾ ಆಗಿದ್ರ ಕೇಳತಿದ್ನ? ತಿಳೀಲಿಲ್ಲಂದ್ರ ಸೋತೇನಂತ ಹೇಳಿ ಚಹಾ ಕುಡಿ."

ಸೋತೇನೆಂದು ಹೇಳಿ ಚಹಾ ಕುಡಿದೆ. ವರ್ಷದ ದಿನ ಬರುತ್ತೀರೇನ್ರಿ ಎಂದು ಕೇಳಿದಾಗ ಅಜ್ಜ ಹೂಂ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ನಿಮ್ಮ ಕಾಕಿ ನನ್ನ ಪದಕ್ಕ ಕರದಿಲ್ಲ, ನಿನ್ನ ದೀಪಕ್ಕ ಕರದಾಳ. ಮೊದಲ ಖರೇ ಪದಾ ಓದಿ ಹೇಳು. ಆಮ್ಯಾಲೂ ಕರದ್ರ ಬರ್ತೀನಿ" ಎಂದ. ನ್ಯಾಯದ ಮಾತು.

ಊರಿಗೆ ಬಂದ ಮೇಲೆ ಪದವನ್ನು ಹೊಸದಾಗಿ ಟೈಪ್ ಮಾಡಲು ಕೂತೆ. ಈ ಸಲ ಪ್ರೆಸ್ಸಿನವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಮಗಳ ಹಳೆಯ ಕಂಪ್ಯೂಟರನ್ನು ಗಿರಣಿಯ ಮೂಲೆಯಲ್ಲಿ ಇಟ್ಟುಕೊಂಡು, ಜೋಳ ಬೀಸುವ ನಡುನಡುವೆ ಒಂದೊಂದು ಅಕ್ಷರ ಒತ್ತಿದೆ. ಎರಡು ಸಾಲಿಗೆ ಅರ್ಧ ತಾಸು. ಕೊನೆಯ ನುಡಿಗೆ ಬಂದಿದ್ದೆ. ಆಗ ನಾಗನೂರ ರಸ್ತೆಯ ಕಡೆಯ ಒಬ್ಬ ಅಕ್ಕ ಒಂದು ಡಬ್ಬಿ ಜೋಳ ತಂದಳು. ಕಾಳು ದಪ್ಪ, ಒಂದೇ ಅಳತೆ, ಆರಿಸಿ ಇಟ್ಟ ಮಾಲು.

"ಅಕ್ಕಾ, ಬೀಜದ ಜೋಳ ಇದ್ದಂಗೈತಿ. ಇದನ್ಯಾಕ ಬೀಸಸ್ತಿ?" ಎಂದೆ.

"ಬೀಜಕ್ಕಂತನ ಬೂದಿ ಹಚ್ಚಿ ಇಟ್ಟಿದ್ನೆಪ್ಪಾ. ಹೊಲಾ ಕೊಟ್ಟ ಬಿಟ್ವಿ. ಹೊಲಾನ ಇಲ್ಲಂದ ಮ್ಯಾಲ ಇದೇನ ಬೀಜಾ? ತೊಳದ ತಂದೀನಿ, ಬೀಸು" ಎಂದಳು. ದುಃಖವೇನೂ ಇರಲಿಲ್ಲ ಅವಳ ಮಾತಿನಲ್ಲಿ. ಹಿಟ್ಟು ಸಣ್ಣಗೆ ಬರಲಿ ಎಂದು ಎರಡು ಸಲ ಹೇಳಿದಳು.

ಬೀಸಿ ಕೊಟ್ಟು ಬಂದು ಮತ್ತೆ ಕೂತೆ. ಮುಂದಿನ ಶಬ್ದ 'ಡಬ್ಬ್ಯಾಗ'. ಡ ಒತ್ತಿದೆ, ಬ ಒತ್ತಿದೆ, ಒತ್ತಕ್ಷರ ಹುಡುಕುತ್ತ ಬೆರಳು ನಿಂತಿತು. ನಿಂತದ್ದು ಹಾಗೇ ನಿಂತುಬಿಟ್ಟಿತು.

ಬೀಜ ಎಂಬುದು ನಲವತ್ತು ವರ್ಷ ಅಜ್ಜನ ಜಂಬದ ಶಬ್ದ. ನಾನು ಬೀಜ, ನನ್ನಿಂದಲೇ ಬೆಳೆ ಎಂದು ಅವನು ಮೀಸೆ ತಿರುವಿ ಹಾಡಿದ್ದನ್ನು ಎಷ್ಟು ಸಲ ಕೇಳಿದ್ದೇನೆ. ಹಾಗಾಗಿ ಈ ಪದದಲ್ಲಿಯೂ ಅದನ್ನು ಜಂಬ ಎಂದೇ ಓದಿ ದಾಟಿಬಿಟ್ಟಿದ್ದೆ. ಮುಂದಿನ ಶಬ್ದಗಳನ್ನು ನೋಡಿರಲೇ ಇಲ್ಲ. ಡಬ್ಬಿಯಲ್ಲಿ ಉಳಿದ ಬೀಜ. ಮೇಲೆ ಕೂತು ಒಣಗಿದ ಬೀಜ. ಮಣ್ಣು ಇಲ್ಲದಿದ್ದರೆ ಬೀಜ ಬೀಜವೇ ಅಲ್ಲ, ಹಿಟ್ಟಿಗೆ ಬರುವ ಕಾಳು ಅಷ್ಟೆ. ಕಾಕಾ ಜೀವಮಾನವಿಡೀ ಇದನ್ನೇ ಅಲ್ಲವೇ ಹಾಡಿದ್ದು? ಅಜ್ಜ ಸವಾಲು ಹಾಕುವ ನೆವದಲ್ಲಿ ಕಾಕಾನ ಜವಾಬನ್ನು ತಾನೇ ಹೇಳಿಬಿಟ್ಟಿದ್ದಾನೆ. ಹರದೇಶಿ ಸೋತಿದ್ದಾನೆ. ಸೋತೆ ಎಂದು ಬಾಯಿಬಿಟ್ಟು ಹೇಳಲು ಎದುರಿಗೆ ಆ ಮನುಷ್ಯ ಇಲ್ಲ, ಹಾಗಾಗಿ ಒಣಗಿದ್ದೇನೆ ಎಂದು ಹೇಳಿದ್ದಾನೆ.

ಗಿರಣಿಯ ಪಟ್ಟಾ ತಿರುಗುತ್ತಲೇ ಇತ್ತು. ಕಾಳಿಲ್ಲದೆ ಕಲ್ಲು ಕಿರುಗುಟ್ಟಿದಾಗ ಓಡಿಹೋಗಿ ಬಂದ್ ಮಾಡಿದೆ.

ಆ ದಿನವೇ ನಾಗನೂರಿಗೆ ಹೋದೆ. ಕಾಕಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಮೊದಲು ನನ್ನ ತಪ್ಪನ್ನು ಹೇಳಿಕೊಂಡೆ.

ಅವಳು ಹಿಂಡಿಯ ಕೈಯನ್ನು ಸೊಂಟಕ್ಕೆ ಇಟ್ಟು ನನ್ನನ್ನೇ ನೋಡಿದಳು. "ಅಂದ್ರ ನಾ ನಿನ್ನ ನುಡಿಗಿ ಅತ್ತೇನಾ?"

"ಹೂಂ."

"ಥೂ ನಿನ್ನ! ಗಂಡಗಂತ ಉಳಿಸಿದ ನಾಕ ಹನಿ ಕಣ್ಣೀರಾ ಗಿರಣಿಯಾವನ ಪದಕ್ಕ ಹಾಕಿ ಕುಂತ್ನಿ ನಾ!" ಅವಳಿಗೆ ಸಿಟ್ಟೂ ನಗೆಯೂ ಒಟ್ಟಿಗೇ ಬಂದವು. "ನನಗರೆ ತಿಳೀಬೇಕಿತ್ತು. ಅಂವಾ ನನ್ನ ಗಂಡಗ ಗೆಳೆಯಾ ಅಂತ ಯಾವ ಜಲ್ಮದಾಗ ಅಂದಿದ್ದಾ? ಏ ನಾಗೇಶಿ ಅಂತಿದ್ದಾ. ಓದು, ಖರೇದ್ದ ಓದು."

ಕಣ್ಣಿನ ಪೊರೆಯ ಸಂಗತಿ ಹೇಳಿ, ಆಮೇಲೆ ಓದಿದೆ. ಈ ಸಲ ಯಾವ ನುಡಿಯನ್ನೂ ಓಡಿಸಲಿಲ್ಲ. ಬೈಗುಳ ಬಂದಾಗ ಅವಳು "ಹೌದ ನೋಡು, ಹೇಳದ ಹೋದ, ಖರೇನ ಓಡಿ ಹೋದ" ಎಂದು ತಲೆ ಆಡಿಸಿದಳು. ಕೊನೆಯ ನುಡಿ ಮುಗಿದಾಗ ಕಣ್ಣಲ್ಲಿ ನೀರಿರಲಿಲ್ಲ, ಹುಬ್ಬು ಗಂಟಿಕ್ಕಿತ್ತು.

"ಈಗೂ ಯಾರ ಹೆಚ್ಚಂತ ಕೇಳಾಕತ್ತಾನಲ್ಲ. ಮಣ್ಣಾಗ ಇಟ್ಟ ಮ್ಯಾಲೂ ಬಿಡವಲ್ಲಾ. ಸೋತೆ ಅನ್ನಾಕ ಏನಾಗಿತ್ತ ಅಂವಗ?"

"ಅಂದಾನಲ್ಲ ಕಾಕಿ."

"ಎಲ್ಲಿ ಅಂದಾನ?"

"ಡಬ್ಬ್ಯಾಗ ಉಳದೀನಿ, ಒಣಗೀನಿ ಅಂದಾನ. ಅಂದಾಂವಾ ಯಾರು? ಬೀಜಾ ಹೆಚ್ಚ ಅಂತಿದ್ದಾಂವಾ."

ಎಮ್ಮೆ ಬುಟ್ಟಿಗೆ ಬಾಯಿ ಹಾಕಿ ಎಳೆಯಿತು, ಕಾಕಿ ಅದಕ್ಕೆ ಬೈಯಲಿಲ್ಲ. ಆಮೇಲೆ ಮೆಲ್ಲಗೆ, "ಬೀಜಾ ಒಣಗೇತಿ ಅಂತ ಹರದೇಶಿನ ಹೇಳಿದ್ನಾ?" ಎಂದಳು. ಹೌದೆಂದೆ. "ಇನ್ನೊಮ್ಮಿ ಓದು ಅದೊಂದ." ಓದಿದೆ. "ಇನ್ನೊಮ್ಮಿ." ಮತ್ತೆ ಓದಿದೆ. ಮೂರನೆಯ ಸಲಕ್ಕೆ ಅವಳ ಮುಖದ ಮೇಲೆ ಒಂದು ನಗೆ ಬಂತು. ಕಾಕಾ ಗೆದ್ದು ಬಂದ ದಿನ ಅವನಿಗೆ ಕಾಣದ ಹಾಗೆ ಅಡುಗೆಮನೆಯಲ್ಲಿ ನಗುತ್ತಿದ್ದಳಲ್ಲ, ಅದೇ ನಗೆ.

"ಕರೀ ಅಂವಗ," ಎಂದಳು. "ಆದ್ರ ನನ್ನ ಒಂದ ತಕರಾರ ಐತಿ ಅಂತ ಹೇಳು. ಕಣ್ಣ ಕೊಯ್ಸಿದ್ರ ಫೋನ್ಯಾಗ ಹೇಳಬೇಕಿಲ್ಲ? ಬಾಯಿಗೇನ ಪಟ್ಟಿ ಕಟ್ಟಿದ್ರಾ?"

ಫೋನಿನಲ್ಲಿ ಹಾಗೇ ಹೇಳಿದೆ. ಅಜ್ಜ ಸೊಸೆಗೆ ಕೇಳುವಂತೆ "ಬರಬೇಕಾತು" ಎಂದು ಕೂಗಿದ್ದು ನನಗೂ ಕೇಳಿಸಿತು.

ಪುಸ್ತಕ ಅಚ್ಚಿಗೆ ಹೋಯಿತು. ಅಜ್ಜನ ಪದ ಕೊನೆಯ ಪುಟದಲ್ಲಿ, ಕೆಳಗೆ ಅರ್ಧ ಪುಟ ಖಾಲಿ. ಪ್ರೆಸ್ಸಿನವನ ಫೋನು ಬಂತು. "ಕೆಳಗ ಭಾಳ ಬಿಳೀ ಉಳದೈತ್ರಿ. ಒಂದು ಹೂವಿನ ಡಿಸೈನ್ ಒಗೀಲೇನ್ರಿ? ಇಲ್ಲಾ ಹಾರುವ ಪಾರಿವಾಳ ಐತಿ, ಎಲ್ಲಾರೂ ಹಾಕಸ್ತಾರ" ಎಂದ. ನಾನು, "ಬ್ಯಾಡ್ರಿ. ಅದು ಒಬ್ಬರ ಜಾಗಾ ಐತಿ" ಎಂದೆ. "ಜಾಹೀರಾತ ಬರೂದೈತೇನ್ರಿ?" ಎಂದು ಕೇಳಿದ. ಹೂಂ ಅಂದು ಇಟ್ಟುಬಿಟ್ಟೆ.

ವರ್ಷದ ದಿನ ಮಧ್ಯಾಹ್ನ ಮನೆಯ ಮುಂದೆ ಹಂದರ ಹಾಕಿತ್ತು. ಹರದೇಶಿ ಅಜ್ಜ ಸೊಸೆಯ ಕೈ ಹಿಡಿದು ಟಂಟಂನಿಂದ ಇಳಿದ. ಕಾಕಿ ಮುಂದಿನ ಸಾಲಿನಲ್ಲಿ ಚಾಪೆ ಹಾಸಿಸಿದ್ದಳು. ಕಾಕಾನ ಮೇಳದವರು ಮೊದಲು ಅವನ ಪದಗಳನ್ನು ಹಾಡಿದರು. ಆಮೇಲೆ ಅಜ್ಜ ಎದ್ದ. ದಪ್ಪು ಹಿಡಿದು ಪೆಟ್ಟು ಹಾಕಿದ. ಬೈಗುಳದ ನುಡಿಗಳಿಗೆ ಹಂದರವೆಲ್ಲ ನಕ್ಕಿತು. ಯಾರೋ ಹಿಂದಿನಿಂದ ಸಿಳ್ಳೆ ಹೊಡೆದೇಬಿಟ್ಟರು. ಕೊನೆಯ ನುಡಿಗೆ ಧ್ವನಿ ಇಳಿಸಿ, "ಯಾರ ಹೆಚ್ಚಂತ ಹೇಳ ನಾಗೇಶಿ, ಕಿವಿಗೊಟ್ಟ ಕುಂತೀನಿ" ಎಂದು ದಪ್ಪು ನಿಲ್ಲಿಸಿ, ಪದ್ಧತಿಯಂತೆ ಕೂತ.

ಆಗ ಒಂದು ಸಂಗತಿ ನಡೆಯಿತು. ಕಾಕಾನ ಹಿಂದೆ ನಿಂತು ನಲವತ್ತು ವರ್ಷ ತುಂತುಣಿ ಬಾರಿಸಿದ ಮುದುಕ, ಎದುರಿನವರು ಸವಾಲು ಹಾಕಿ ಕೂತರೆಂದು, ರೂಢಿಯ ಬಲದಿಂದ ತುಂತುಣಿ ಎತ್ತಿಕೊಂಡು ಎದ್ದು ನಿಂತುಬಿಟ್ಟ. ತಂತಿಯನ್ನು ಒಮ್ಮೆ ಮೀಟಿಯೂ ಮೀಟಿದ. ಮೀಟಿ, ತನ್ನ ಮುಂದೆ ಹಾಡುವವರು ಯಾರೂ ಇಲ್ಲ ಎಂದು ನೋಡಿ, ಹಾಗೇ ನಿಂತ.

ಕಾಕಿ ಅವನ ಧೋತರದ ತುದಿ ಹಿಡಿದು ಜಗ್ಗಿದಳು. "ಕುಂದರೋ ಮುದಕಾ. ಅದು ನಿನಗ ಕೇಳಿದ್ದಲ್ಲ."

ಅವನು ಕೂತ. ಸ್ವಲ್ಪ ಹೊತ್ತು ಎಲ್ಲರೂ ಹಾಗೇ ಕೂತಿದ್ದೆವು. ನಾಲ್ಕು ಸಾಲು ಹಾಡುವಷ್ಟು ಹೊತ್ತು ಇರಬಹುದು. ಆಮೇಲೆ ಕಾಕಿ ಎದ್ದು, ಅಜ್ಜನ ಮುಂದೆ ಬಂದು ನಿಂತು, "ಏಳ್ರಿ ಹರದೇಶಿ, ಜವಾಬ ಆತು. ಹೋಳಿಗಿ ಆರಾಕತ್ತಾವು" ಎಂದಳು. ಅಜ್ಜ ಅವಳಿಗೆ ಕೈ ಮುಗಿದು, ಸೊಸೆಯ ಕೈ ಹಿಡಿದು ಎದ್ದ. ಅವತ್ತು ಅವನ ಹೋಳಿಗೆಗೆ ತುಪ್ಪ ಹಾಕಿದವಳು ಕಾಕಿಯೇ. ಅವನು ಸಾಕೆಂದರೂ ನಿಲ್ಲಿಸಲಿಲ್ಲ.

ನನ್ನ ಕಥೆ ಇಷ್ಟೇ. ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಕಡೆಯೂ ಯಾರಾದರೂ ಬೈದದ್ದೋ ಚೇಷ್ಟೆ ಮಾಡಿದ್ದೋ ಆಮೇಲೆ ಬೇರೆಯೇ ಆಗಿ ಕಂಡದ್ದು ಇದ್ದೀತು. ಒಂದು ಪದ, ಒಂದು ಪತ್ರ, ಬರೇ ಒಂದು ಮಾತು ಇದ್ದರೂ ಆದೀತು, ಬರೆದು ತಿಳಿಸಿರಿ. ನಿಧಾನ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ. ಅರ್ಧಕ್ಕೆ ನಿಂತಿದ್ದರೆ ನಾನಾಗಿ ಏನೂ ಸೇರಿಸುವುದಿಲ್ಲ.